ಬರುವಾಗ ಎಂತ ತರ್ತದೆ?

ಏಳನೇ ಕ್ಲಾಸಿನಲ್ಲಿದ್ದಾಗ ನಾನೊಂದು ಬಾಹ್ಯಾಕಾಶ ನೌಕೆ ಡಿಸೈನ್ ಮಾಡಿದ್ದೆ. ಗಣಿತದ ನೋಟ್ಸ್ ಪುಸ್ತಕದ ಕೊನೆಯ ನಾಲ್ಕು ಪುಟದಲ್ಲಿ. ಕ್ಲಾಸಿನಲ್ಲಿ ಎಲ್ಲರೂ ಯುದ್ಧದ ನೌಕೆ ಬಿಡಿಸುತ್ತಿದ್ದರು, ಅದಕ್ಕೆ ನಾನು ಸರಕಿನ ನೌಕೆ ಬಿಡಿಸಿದೆ. ಇಂಜಿನ್ ಆರು, ಗೋದಾಮು ಮೂರು, ಕಳ್ಳರು ಬಂದರೆ ಇರಲಿ ಅಂತ ಲೇಸರ್ ಎರಡು. ಸಾಮರ್ಥ್ಯ 10,000 ಟನ್. ರೂಟ್: ಮಂಗಳೂರಿನಿಂದ ಮಂಗಳ ಗ್ರಹ.

ಅಜ್ಜನಿಗೆ ತೋರಿಸಿದೆ. ಅಮ್ಮನ ಅಪ್ಪ. ಬಂದರಿನ ಒಂದು ಮಂಡಿಯಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದವರು. ಕನ್ನಡಕ ಹಾಕಿಕೊಂಡು ನಾಲ್ಕೂ ಪುಟ ನಿಧಾನಕ್ಕೆ ನೋಡಿದರು. ಮತ್ತೆ ಕೇಳಿದರು: "ಹೋಗುವಾಗ ಅಕ್ಕಿ ಕೊಂಡೋಗ್ತದೆ, ಆಯ್ತು. ಬರುವಾಗ ಎಂತ ತರ್ತದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಖಾಲಿ ಬಂದ್ರೆ ಆ ಬಾಡಿಗೆ ಯಾರು ಕೊಡುದು?" ಅಂತ ಹೇಳಿ ಪುಸ್ತಕ ವಾಪಸ್ ಕೊಟ್ಟರು. ನನಗೆ ಸಿಟ್ಟು ಬಂದಿತ್ತು. ಆರು ಇಂಜಿನ್ ಇರುವ ನೌಕೆಗೆ ಕೇಳುವ ಪ್ರಶ್ನೆಯಾ ಇದು!

ಅಜ್ಜ ತೀರಿಕೊಂಡು ಹದಿನೈದು ವರ್ಷ ಆಯ್ತು. ಈ ಪ್ರಶ್ನೆ ಮತ್ತೆ ನೆನಪಾದದ್ದು ಒಂದು ವಾಟ್ಸಾಪ್ ಜಗಳದಿಂದ.

ಕಳೆದ ವರ್ಷ ನಮ್ಮ ಫ್ಯಾಮಿಲಿ ಗ್ರೂಪಿಗೆ ಮಾವ ಒಂದು ಫಾರ್ವರ್ಡ್ ಹಾಕಿದರು. ಮಾವ ಅಂದರೆ ಅಮ್ಮನ ಅಣ್ಣ, ಆ ಅಜ್ಜನ ಮಗ. ಒಂದು ಹಳೆಯ ಇಂಕಿನ ಡ್ರಾಯಿಂಗ್. ಮೂರು ಅಂತಸ್ತಿನ ಯಂತ್ರ, ಕೆಳಗೆ ಚಕ್ರಗಳು. ಅಡಿಯಲ್ಲಿ ಬರಹ: 'ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ಋಷಿಗಳು ಕಟ್ಟಿದ ತ್ರಿಪುರ ವಿಮಾನ. ನೆಲ, ನೀರು, ಆಕಾಶ ಮೂರರಲ್ಲೂ ಸಂಚಾರ. ಗ್ರಹದಿಂದ ಗ್ರಹಕ್ಕೆ ಸರಕು ಸಾಗಾಟ. ಎಲ್ಲರಿಗೂ ಕಳುಹಿಸಿ.'

ನಾನು ಸುಮ್ಮನಿರಬಹುದಿತ್ತು. ಆದರೆ ಅವತ್ತು ಬೆಳಿಗ್ಗೆಯಿಂದ ಪ್ರೊಡಕ್ಷನ್ ಇಶ್ಯೂ, ತಲೆ ಬಿಸಿ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯವರು ಇದರ ಬಗ್ಗೆ 1974ರಲ್ಲಿ ಬರೆದ ಪ್ರಬಂಧದ ಪಿಡಿಎಫ್ ಹುಡುಕಿ ಗ್ರೂಪಿಗೆ ಹಾಕಿದೆ. ಅದರ ಕೆಳಗೆ ಕಣ್ಣೀರು ಬರುವಷ್ಟು ನಗುವ ಒಂದು ಇಮೋಜಿ. ಹತ್ತು ನಿಮಿಷದಲ್ಲಿ ಮಾವ ಗ್ರೂಪ್ ಬಿಟ್ಟರು. ರಾತ್ರಿ ಅಮ್ಮನ ಫೋನು: "ಪಿಡಿಎಫ್ ಹಾಕಿದ್ದು ಸರಿ. ಆ ನಗುವ ಮುಖ ಯಾಕೆ ಹಾಕಿದ್ದು ನೀನು?"

ಈಗ ಆ ಪಿಡಿಎಫ್‌ನ ವಿಷಯ. ಅದು ನಿಜಕ್ಕೂ ನಮ್ಮ ಕರ್ನಾಟಕದ್ದೇ ಕತೆ.

ಡ್ರಾಯಿಂಗ್ ಇರುವುದು 'ವೈಮಾನಿಕ ಶಾಸ್ತ್ರ' ಎಂಬ ಪುಸ್ತಕದಲ್ಲಿ. ಬೆಂಗಳೂರಿನ ಹತ್ತಿರದ ಆನೇಕಲ್‌ನಲ್ಲಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಸಂಸ್ಕೃತ ಶ್ಲೋಕಗಳನ್ನು ಬಾಯಲ್ಲಿ ಹೇಳುತ್ತಾ ಹೋದರು, ವೆಂಕಟಾಚಲ ಶರ್ಮ ಎನ್ನುವವರು ಬರೆದುಕೊಂಡರು. ಇದು ಭರದ್ವಾಜ ಮಹರ್ಷಿಗಳದ್ದು, ತನಗೆ ಸ್ಫುರಿಸಿದ್ದು ಎಂಬುದು ಶಾಸ್ತ್ರಿಗಳ ಮಾತು. ಶಕುನ, ಸುಂದರ, ರುಕ್ಮ, ತ್ರಿಪುರ ಎಂದು ನಾಲ್ಕು ವಿಮಾನಗಳ ವರ್ಣನೆ ಅದರಲ್ಲಿದೆ. ಪೈಲಟ್ ಕಲಿಯಬೇಕಾದ 32 ರಹಸ್ಯಗಳು, ಅವನ ಊಟ, ಬಟ್ಟೆ, ಬಗೆಬಗೆಯ ಕನ್ನಡಿಗಳು, ಲೋಹಗಳು ಎಲ್ಲ ಇವೆ. ಚಿತ್ರ ಬರೆದದ್ದು ಎಲ್ಲಪ್ಪ ಎಂಬ ಬೆಂಗಳೂರಿನ ಡ್ರಾಫ್ಟ್ಸ್‌ಮನ್, 1923ರಲ್ಲಿ. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದ ಮೇಲೆ ಪುಸ್ತಕ ಲೋಕಕ್ಕೆಲ್ಲ ಗೊತ್ತಾಯಿತು.

ಮರುವರ್ಷವೇ ಐಐಎಸ್ಸಿಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಇದನ್ನು ಪರೀಕ್ಷಿಸಿದರು. ನಾನು ಇಮೋಜಿ ಹಾಕುವ ಮೊದಲು ಓದಬೇಕಿತ್ತು, ಹಾಕಿದ ಮೇಲೆ ಓದಿದೆ. ಆ ಪ್ರಬಂಧದವರು ನನ್ನ ಹಾಗೆ ನಕ್ಕು ಬಿಡಲಿಲ್ಲ. ಹಸ್ತಪ್ರತಿಯ ಬೆನ್ನು ಹತ್ತಿ ಹೋದರು, ಶಾಸ್ತ್ರಿಗಳ ಮನೆಯವರನ್ನು ಮಾತಾಡಿಸಿದರು, ಶ್ಲೋಕದ ಭಾಷೆ ಎಷ್ಟು ಹಳೆಯದು ಎಂದು ನೋಡಿದರು. ಭಾಷೆ ವೇದದ ಕಾಲದ್ದಲ್ಲ, ಗ್ರಂಥ 1900 ಮತ್ತು 1922ರ ನಡುವಿನದ್ದು ಅನ್ನುವ ತೀರ್ಮಾನಕ್ಕೆ ಬಂದರು. ಆಮೇಲೆ ವಿಮಾನಗಳನ್ನು ಒಂದೊಂದಾಗಿ ವಿಮಾನಶಾಸ್ತ್ರದ ಲೆಕ್ಕಕ್ಕೆ ಹಾಕಿದರು. ಒಂದೂ ಹಾರುವುದಿಲ್ಲ. ಆಕಾರ ಹಾರಾಟಕ್ಕೆ ಆಗುವಂಥದ್ದಲ್ಲ, ತಳ್ಳುವ ವ್ಯವಸ್ಥೆ ಹಾರಲು ಸಹಾಯ ಮಾಡುವ ಬದಲು ಅಡ್ಡ ಬರುತ್ತದೆ ಎಂದು ಬರೆದರು. ಮುಂಬೈಯ ಶಿವಕರ ತಳಪದೆ ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಕಟ್ಟಿ ನೋಡಿದ್ದರು, ಅವೂ ಹಾರಲಿಲ್ಲ ಎಂಬುದೂ ಅದರಲ್ಲಿದೆ.

ಎಲ್ಲಪ್ಪನವರ ಡ್ರಾಯಿಂಗ್‌ಗಳನ್ನು ಝೂಮ್ ಮಾಡಿ ನೋಡಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಹಲ್ಲುಚಕ್ರಗಳು, ಸ್ಕ್ರೂಗಳು, ಕೊಳವೆಗಳು. 1920ರ ಕಾಲದ ವರ್ಕ್‌ಶಾಪಿನಲ್ಲಿ ಕಾಣುತ್ತಿದ್ದ ಸಾಮಾನೆಲ್ಲ ಅಲ್ಲಿದೆ. ಪಾಪ, ಅವರು ಒಳ್ಳೆಯ ಕೆಲಸಗಾರರು. ತಮಗೆ ಗೊತ್ತಿದ್ದ ಯಂತ್ರಗಳನ್ನೇ ಜೋಡಿಸಿ ತಮಗೆ ಹೇಳಿದ್ದನ್ನು ಬರೆದುಕೊಟ್ಟರು. ಏಳನೇ ಕ್ಲಾಸಿನಲ್ಲಿ ನಾನೂ ಅದನ್ನೇ ಮಾಡಿದ್ದು. ನನ್ನ ನೌಕೆಯ ಕಿಟಕಿ ನಮ್ಮ 15ನೇ ನಂಬರ್ ಬಸ್ಸಿನ ಕಿಟಕಿಯ ಹಾಗಿತ್ತು.

ಒಂದು ಆದಿತ್ಯವಾರ ಮಾವನ ಮನೆಗೆ ಹೋದೆ. ಕ್ಷಮೆ ಕೇಳುವುದಕ್ಕೇ ಹೋದದ್ದು, ಆದರೆ ಕಾಫಿ ಮುಗಿಯುವಷ್ಟರಲ್ಲಿ ಮತ್ತೆ ಚರ್ಚೆ ಶುರು.

"ಇರ್ಲಿ ಮಾರಾಯ, ಅದು ಸುಳ್ಳೇ ಅಂತ ಇಟ್ಕೊ" ಅಂದರು ಮಾವ. "ಆದ್ರೆ ಒಂದು ಹೇಳು. ನಮ್ಮವರಿಗೆ ಎಂತದೂ ಗೊತ್ತಿರ್ಲಿಲ್ಲ, ಎಲ್ಲ ಹೊರಗಿನವರು ಬಂದು ಕಲಿಸಿದ್ದು ಅಂತ ಹೇಳುದಾ ಹಾಗಾದ್ರೆ?"

ನಾನು ಆರ್ಯಭಟ ಉಪಗ್ರಹ ಅಂದೆ, ನಮ್ಮ ಅದಮಾರಿನ ಯು. ಆರ್. ರಾಯರು ಅಂದೆ. "ಅದು ಈಗಿನದ್ದಾಯ್ತು. ಮೊದಲಿನದ್ದು ಹೇಳು" ಅಂದರು. ಆಗ ನನ್ನ ಬಾಯಿಗೆ ಅಜ್ಜನ ಪ್ರಶ್ನೆ ಬಂತು. "ಮಾವ, ಈ ತ್ರಿಪುರ ವಿಮಾನ ಬರುವಾಗ ಎಂತ ತರ್ತಿತ್ತು?"

ಮಾವ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆ ಪ್ರಶ್ನೆ ಯಾರದ್ದೆಂದು ಅವರಿಗೂ ಗೊತ್ತಲ್ಲ. ಮತ್ತೆ ಎದ್ದು ಒಳಗೆ ಹೋಗಿ, ಅಟ್ಟದಿಂದ ಇಳಿಸಿದ ಒಂದು ತಗಡಿನ ಡಬ್ಬ ತಂದಿಟ್ಟರು. ಒಳಗೆ ಅಜ್ಜನ ಕೈಬರಹದ ಪುಸ್ತಕಗಳು. ಮಂಡಿಯ ಅಸಲಿ ಲೆಕ್ಕ ಅಲ್ಲ, ಅಜ್ಜ ತಮ್ಮ ನೆನಪಿಗೆ ಬರೆದಿಟ್ಟುಕೊಂಡದ್ದು. ಒಂದೊಂದು ಮಂಜಿಗೆ ಒಂದೊಂದು ಪುಟ. ಎಡಗಡೆ ಹೋದದ್ದು: ಅಕ್ಕಿ ಇಷ್ಟು ಮೂಟೆ, ನೀರುಳ್ಳಿ, ಮೆಣಸು, ಹಂಚು. ಬಲಗಡೆ ಬಂದದ್ದು: ಕೊಬ್ಬರಿ, ತೆಂಗಿನ ನಾರಿನ ಹುರಿ, ಒಣಮೀನು. ನಡುವೆ ಒಂದು ಗೆರೆ.

ಮಂಜಿ ಅಂದರೆ ಗೊತ್ತಲ್ಲ? ಸ್ಟೇಟ್‌ಬ್ಯಾಂಕಿನಿಂದ ಬಂದರಿನ ಕಡೆ ಇಳಿದು ಹೋದರೆ ಹಳೆ ಬಂದರಿನ ಧಕ್ಕೆಯಲ್ಲಿ ನಿಂತಿರುತ್ತವಲ್ಲ, ಹೊಟ್ಟೆ ಉಬ್ಬಿದ ಮರದ ಹಡಗುಗಳು, ಅವು. ಸರ್ಕಾರಿ ಕಾಗದದಲ್ಲಿ ಅವಕ್ಕೆ ಮೆಕನೈಸ್ಡ್ ಸೈಲಿಂಗ್ ವೆಸೆಲ್ ಅಂತ ಹೆಸರು. ಹಾಯಿ ಇದ್ದಲ್ಲಿಗೆ ಡೀಸೆಲ್ ಇಂಜಿನ್ ಬಂದಿದೆ, ಆದರೆ ಆಕಾರ ಹಳೆಯದೇ. ನಮ್ಮಲ್ಲಿ ತುಂಬ ಜನ ಅವುಗಳನ್ನು ಪ್ರೀ-ವೆಡ್ಡಿಂಗ್ ಶೂಟಿನ ಬ್ಯಾಕ್‌ಗ್ರೌಂಡ್ ಆಗಿ ಮಾತ್ರ ನೋಡಿರುವುದು.

ಇದರ ಡಿಸೈನ್ ಹೇಗೆ ಅಂತ ಕೇಳಿ. ಮೊದಲು ಅಡಿಮರ, ಅದು ಹಡಗಿನ ಬೆನ್ನೆಲುಬು. ಈಗಿನ ಹಡಗಿನಲ್ಲಾದರೆ ಮೊದಲು ಪಕ್ಕೆಲುಬಿನ ಚೌಕಟ್ಟು ಎಬ್ಬಿಸಿ ಅದಕ್ಕೆ ಹೊದಿಕೆ ಹಾಕುತ್ತಾರೆ. ಅರಬ್ಬಿ ಸಮುದ್ರದ ಹಳೆಯ ಕ್ರಮ ಉಲ್ಟಾ. ಅಡಿಮರದಿಂದ ಹಲಗೆಗೆ ಹಲಗೆ ಜೋಡಿಸುತ್ತಾ ಮೊದಲು ಚಿಪ್ಪು ಕಟ್ಟುವುದು, ಪಕ್ಕೆಲುಬು ಆಮೇಲೆ ಒಳಗೆ ಕೂರಿಸುವುದು. ಅಂದರೆ ಹಡಗಿನ ಹೊಟ್ಟೆ ಎಲ್ಲಿ ಎಷ್ಟು ಉಬ್ಬಬೇಕು, ಎಲ್ಲಿ ಸಪೂರ ಆಗಬೇಕು ಎಂಬುದು ಪೂರ್ತಿ ಮೇಸ್ತ್ರಿಯ ಕಣ್ಣಳತೆ. ಕಾಗದದ ಮೇಲೆ ಡ್ರಾಯಿಂಗ್ ಇಲ್ಲ. ಹಲಗೆಗಳ ಸಂದಿಗೆ ಹತ್ತಿ ತುರುಕಿ, ಎಣ್ಣೆ ಮತ್ತು ರಾಳ ಹಚ್ಚಿ ನೀರು ನುಗ್ಗದ ಹಾಗೆ ಮುಚ್ಚುವುದು.

ಇನ್ನೂ ಹಿಂದಕ್ಕೆ ಹೋದರೆ ಮೊಳೆಯೂ ಇರಲಿಲ್ಲ. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು, ಬಟ್ಟೆ ಹೊಲಿದ ಹಾಗೆ. 14ನೇ ಶತಮಾನದಲ್ಲಿ ನಮ್ಮ ಮಂಗಳೂರಿಗೂ ಬಂದುಹೋದ ಇಬ್ನ್ ಬತೂತ ಇದಕ್ಕೆ ಕಾರಣ ಬರೆದಿಟ್ಟಿದ್ದಾನೆ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಳುಕುತ್ತದೆ. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಇದನ್ನು ಪರೀಕ್ಷೆ ಮಾಡಿಯೇ ಬಿಟ್ಟ. ಒಮಾನ್‌ನಲ್ಲಿ 'ಸೋಹಾರ್' ಎಂಬ ಹೊಲಿದ ಹಡಗು ಕಟ್ಟಿಸಿದ. ಮರ ಹೋದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಹೆಬ್ಬಲಸು. ಆ ಹಡಗು ಮಸ್ಕತ್‌ನಿಂದ ಹೊರಟು 1981ರಲ್ಲಿ ಚೀನಾದ ಗುವಾಂಗ್‌ಝೌ ಮುಟ್ಟಿತು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದಕ್ಕೆ ಚಂದದ ಡ್ರಾಯಿಂಗ್ ಇದೆ, ಸಂಸ್ಕೃತದ ವಿವರ ಇದೆ, ಹಾರುವುದಿಲ್ಲ. ಇನ್ನೊಂದಕ್ಕೆ ಡ್ರಾಯಿಂಗೇ ಇಲ್ಲ, ಅದು ಶತಮಾನಗಳ ಕಾಲ ಆಫ್ರಿಕಾಕ್ಕೆ, ಅರಬ್ ದೇಶಕ್ಕೆ ಹೋಗಿ ಬಂದಿದೆ.

ಮಾವನಿಗೆ ಇನ್ನೊಂದು ಲೆಕ್ಕ ಹೇಳಿದೆ, ಅದು ಅವರಿಗೆ ಹಿಡಿಸಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ತಲೆಯ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿದೆ. ಲಕ್ಷದ್ವೀಪದ ದ್ವೀಪಗಳು ಕರಾವಳಿಯಿಂದ ಸುಮಾರು 200ರಿಂದ 440 ಕಿ.ಮೀ. ದೂರ. ಒಂದೇ ದೂರದಲ್ಲಿ ಎರಡು ನಿಲ್ದಾಣ. ಎರಡರ ಕಷ್ಟವೂ ಒಂದೇ. ಲಕ್ಷದ್ವೀಪದಲ್ಲಿ ಹೊಳೆ ಇಲ್ಲ, ಭತ್ತದ ಗದ್ದೆ ಇಲ್ಲ. ಇರುವುದು ತೆಂಗು ಮತ್ತು ಮೀನು. ಅಕ್ಕಿ, ತರಕಾರಿ, ಮನೆ ಕಟ್ಟುವ ಕಲ್ಲು, ಜಲ್ಲಿ ಎಲ್ಲ ದಡದಿಂದಲೇ ಹೋಗಬೇಕು.

ರಷ್ಯಾದ 'ಪ್ರೋಗ್ರೆಸ್' ಸರಕು ನೌಕೆ 1978ರ ಜನವರಿಯಿಂದ ಇದೇ ಕೆಲಸ ಮಾಡುತ್ತಿದೆ. ಒಟ್ಟು ತೂಕ ಸುಮಾರು 7 ಟನ್, ಅದರಲ್ಲಿ ಸರಕು ಎರಡೂವರೆ ಟನ್ ಆಸುಪಾಸು. ನೀರು, ಊಟ, ಇಂಧನ, ಗಾಳಿ. ಮನುಷ್ಯರಿಲ್ಲದೆ ತಾನೇ ಹೋಗಿ ನಿಲ್ದಾಣಕ್ಕೆ ಅಂಟಿಕೊಳ್ಳುತ್ತದೆ. ಮಂಜಿ ನೂರಕ್ಕೂ ಹೆಚ್ಚು ಟನ್ ಹೊರುತ್ತದೆ, ಅದು ಬಿಡಿ. ಅಂಟಿಕೊಳ್ಳುವ ಕಷ್ಟ ಮಂಜಿಗೂ ಇದೆ. ದ್ವೀಪದ ಸುತ್ತ ಹವಳದ ದಿಬ್ಬ, ದೊಡ್ಡ ಹಡಗು ಹೊರಗೇ ನಿಲ್ಲಬೇಕು. ಇತ್ತ ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲು. ಅಲ್ಲಿ ಮರಳಿನ ದಿಣ್ಣೆ ಜಾಗ ಬದಲಾಯಿಸುತ್ತಾ ಇರುತ್ತದೆ. ಹಿಂದೆ ಸ್ಟೀಮರುಗಳು ಹೊರಗೆ ಲಂಗರು ಹಾಕಿ, ಸಾಮಾನು ದೋಣಿಯಲ್ಲಿ ಬರಬೇಕಿತ್ತು. ಎರಡು ಕಡೆಯೂ ನೀರು ಕಮ್ಮಿ ಅಂದರೆ ಹಡಗು ಹೇಗಿರಬೇಕು? ಹೆಚ್ಚು ಹೊರಬೇಕು, ಆದರೆ ನೀರಿನಲ್ಲಿ ಕಡಿಮೆ ಮುಳುಗಬೇಕು. ಆ ಉಬ್ಬಿದ ಹೊಟ್ಟೆ ಬಂದದ್ದು ಅಲ್ಲಿಂದ.

ಲಾಂಚ್ ವಿಂಡೋ ಕೂಡ ಉಂಟು. ಮಂಗಳ ಗ್ರಹಕ್ಕೆ ನೌಕೆ ಕಳಿಸುವ ಸಮಯ 26 ತಿಂಗಳಿಗೊಮ್ಮೆ ಬರುತ್ತದೆ. ಮಂಜಿಗೆ ವರ್ಷಕ್ಕೊಮ್ಮೆ. ಮಳೆಗಾಲ ಶುರುವಾಗುವ ಮೊದಲು ಬಂದ್ ಆದರೆ ಮತ್ತೆ ಸೆಪ್ಟೆಂಬರ್ ಹೊತ್ತಿಗೆ ಸಮುದ್ರ ಶಾಂತ ಆಗಬೇಕು. ಅಲ್ಲಿಯವರೆಗಿನ ಅಕ್ಕಿ ದ್ವೀಪದಲ್ಲಿ ಮೊದಲೇ ಇರಬೇಕು. ಲೆಕ್ಕ ತಪ್ಪಿದರೆ ಉಪವಾಸ. ಅಜ್ಜನ ಪುಸ್ತಕದಲ್ಲಿ ಏಪ್ರಿಲ್, ಮೇ ಪುಟಗಳಲ್ಲಿ ಅಕ್ಷರ ಓಡಿ ಓಡಿ ಬರೆದ ಹಾಗಿರುವುದು ಯಾಕೆಂದು ಆಗ ಅರ್ಥ ಆಯಿತು.

ಇನ್ನು ಆ ಪ್ರಶ್ನೆ. ಪ್ರೋಗ್ರೆಸ್ ಬರುವಾಗ ಎಂತ ತರ್ತದೆ? ಏನೂ ಇಲ್ಲ. ನಿಲ್ದಾಣದ ಕಸ ತುಂಬಿಸಿಕೊಂಡು ವಾತಾವರಣದಲ್ಲಿ ಉರಿದು ಹೋಗುತ್ತದೆ. 2011ರಲ್ಲಿ ಅಮೆರಿಕದ ಶಟಲ್ ನಿಂತ ಮೇಲೆ ಮೇಲಿನಿಂದ ಹೆಚ್ಚು ಸಾಮಾನು ವಾಪಸ್ ತರುವ ದಾರಿಯೇ ಇರಲಿಲ್ಲ. 2012ರಲ್ಲಿ 'ಡ್ರ್ಯಾಗನ್' ಬಂದ ಮೇಲೆ ಪ್ರಯೋಗದ ಸ್ಯಾಂಪಲ್‌ಗಳು ಕ್ಷೇಮವಾಗಿ ಕೆಳಗೆ ಬರತೊಡಗಿದವು. ಅಜ್ಜ ಇದನ್ನು ಕೇಳಿದ್ದರೆ "ಈಗ ಬುದ್ಧಿ ಬಂತಾ?" ಅನ್ನುತ್ತಿದ್ದರು.

ನಮ್ಮ ಬಂದರಿನ ಇತಿಹಾಸದಲ್ಲಿ ಆ ಎರಡು ಕಾಲಂ ತುಂಬ ಹಿಂದಿನಿಂದ ಇದೆ. 12ನೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಈ ಕಡೆ ಇದ್ದ, ಮಂಗಳೂರಿನಲ್ಲಿ. ಅವನ ಕಾಗದಪತ್ರಗಳು ಈಜಿಪ್ಟಿನ ಕೈರೋದ ಒಂದು ಹಳೆಯ ಸಿನಗಾಗಿನ ಕೋಣೆಯಲ್ಲಿ ಉಳಿದು ಬಂದವು. ಅಮಿತಾವ್ ಘೋಷ್ ಅವನ ಮತ್ತು ಅವನ ಆಳು ಬೊಮ್ಮನ ಬೆನ್ನು ಹತ್ತಿ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಲ್ಲಿಂದ ಹೋಗುತ್ತಿದ್ದದ್ದು ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ. ಅಲ್ಲಿಂದ ಬರುತ್ತಿದ್ದದ್ದು ಕಾಗದ, ಸಕ್ಕರೆ, ಒಣದ್ರಾಕ್ಷಿ. ಏಡನ್‌ನ ವ್ಯಾಪಾರಿಗಳು ಒಡೆದ ತಾಮ್ರದ ಪಾತ್ರೆಗಳನ್ನು ಇಲ್ಲಿಗೆ ಕಳಿಸುತ್ತಿದ್ದರು. ಬೆನ್ ಯಿಜುವಿನ ಕಂಚಿನ ಕಾರ್ಖಾನೆಯಲ್ಲಿ ಅದನ್ನು ಕರಗಿಸಿ, ಅವರು ಹೇಳಿದ ಅಳತೆಗೆ ಹೊಸ ಪಾತ್ರೆ ಮಾಡಿ ವಾಪಸ್ ಕಳಿಸಬೇಕಿತ್ತು. ಕಸ್ಟಮ್ ಆರ್ಡರ್! ಒಂದು ಪತ್ರದಲ್ಲಿ ಹಡಗು ಒಡೆದ ಸುದ್ದಿಯೂ ಇದೆ. ಮೆಣಸು ಪೂರ್ತಿ ಹೋಯಿತು, ಮುಳುಗುಗಾರರನ್ನು ಇಳಿಸಿ ಕಬ್ಬಿಣ ಅರ್ಧದಷ್ಟು ಮೇಲೆ ತೆಗೆಸಿದೆವು ಎಂದು ಏಡನ್‌ನಿಂದ ಲೆಕ್ಕ ಒಪ್ಪಿಸಿದ್ದಾರೆ.

"ಮಾವ, ಇದು ನಿಮ್ಮ ತ್ರಿಪುರದ ಹಾಗಲ್ಲ" ಅಂದೆ. "ಮುಳುಗಿದ್ದಕ್ಕೂ ಲೆಕ್ಕ ಉಂಟು."

ಲೆಕ್ಕ ಎಲ್ಲ ಹೊಗಳುವಂಥದ್ದೇ ಅಂತಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇರುವ ಅಮಿನ್‌ದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ನಾರಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯ. ದ್ವೀಪದವರು ಹುರಿ ಹೊಸೆದು, ತಮ್ಮ ಹಾಯಿ ಓಡಗಳಲ್ಲಿ ಮಂಗಳೂರಿಗೆ ತಂದು ಒಪ್ಪಿಸಬೇಕು, ಬದಲಿಗೆ ಅಕ್ಕಿ ಪಡೆಯಬೇಕು. ದರ ನಿಗದಿ ಮಾಡುವವರು ಈಚೆ ದಡದವರು. ನಿಲ್ದಾಣದಲ್ಲಿ ಇರುವವನಿಗೆ ಚೌಕಾಶಿ ಮಾಡುವ ಶಕ್ತಿ ಇರುವುದಿಲ್ಲ. ಇದನ್ನು ಹೇಳಿದಾಗ ಮಾವ "ಅಪ್ಪ ಹೇಳ್ತಿದ್ರು, ದ್ವೀಪದವರ ತೂಕದಲ್ಲಿ ಮೋಸ ಮಾಡ್ಬಾರ್ದು, ಅವರಿಗೆ ಬೇರೆ ಅಂಗಡಿ ಇಲ್ಲ ಅಂತ" ಅಂದರು. ಅಷ್ಟು ವರ್ಷಗಳಲ್ಲಿ ಅವರು ಅಜ್ಜನ ಕೆಲಸದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಂದರಿನ ಗುಮಾಸ್ತನ ಮಗ ಎಂಬುದು ಅವರಿಗೆ ಹೇಳಿಕೊಳ್ಳುವ ವಿಷಯ ಆಗಿರಲಿಲ್ಲ ಅಂತ ಕಾಣುತ್ತದೆ. ಮನೆಯ ಅಟ್ಟದಲ್ಲಿ ಇದ್ದದ್ದು ಸಾಕಾಗದೆ ಋಷಿಗಳ ವಿಮಾನ ಹುಡುಕಿಕೊಂಡು ಹೋಗಿದ್ದರು. ನಾನು ಅದಕ್ಕೆ ನಕ್ಕಿದ್ದೆ. ಆದರೆ ಆ ಡಬ್ಬ ಇದೆ ಅಂತ ನನಗಾದರೂ ಎಲ್ಲಿ ಗೊತ್ತಿತ್ತು?

ಒಂದು ಕಾಕತಾಳೀಯ ಹೇಳಿ ಮುಗಿಸುತ್ತೇನೆ. ಐಐಎಸ್ಸಿಯವರು ಆ ವಿಮಾನಗಳು ಹಾರುವುದಿಲ್ಲ ಎಂದು ಬರೆದ ಅದೇ 1974ರಲ್ಲಿ, ಮೇ 4ಕ್ಕೆ, ಪಣಂಬೂರಿನ ನವಮಂಗಳೂರು ಬಂದರು ದೇಶದ ಒಂಬತ್ತನೇ ಪ್ರಮುಖ ಬಂದರು ಎಂದು ಘೋಷಣೆ ಆಯಿತು. ಮುಂದಿನ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ದೊಡ್ಡ ಹಡಗು, ದೊಡ್ಡ ಸರಕು ಎಲ್ಲ ಆ ಕಡೆ ಹೋಯಿತು. ಹಳೆ ಬಂದರಿಗೆ ಉಳಿದದ್ದು ಮೀನುಗಾರಿಕೆ ಮತ್ತು ಲಕ್ಷದ್ವೀಪದ ಮಂಜಿಗಳು. ಅಜ್ಜನ ಪುಸ್ತಕಗಳಲ್ಲಿ ಎಪ್ಪತ್ತರ ದಶಕದ ಕೊನೆಗೆ ಬರುವಾಗ ಪುಟಗಳು ಕಡಿಮೆ ಆಗುತ್ತವೆ. ಕೆಲವು ಪುಟದಲ್ಲಿ ಎಡಗಡೆ ಮಾತ್ರ ಬರಹ ಇದೆ, ಬಲಗಡೆ ಖಾಲಿ.

ಡಬ್ಬದಲ್ಲಿ ಒಟ್ಟು ಹನ್ನೊಂದು ಪುಸ್ತಕ ಇತ್ತು. ಎರಡನ್ನು ಗೆದ್ದಲು ತಿಂದಿದೆ. ಉಳಿದ ಒಂಬತ್ತನ್ನು ನಾನು ಮತ್ತು ಮಾವ ಆದಿತ್ಯವಾರಗಳಲ್ಲಿ ಕೂತು ಸ್ಕ್ಯಾನ್ ಮಾಡುತ್ತಿದ್ದೇವೆ. ಅಕ್ಷರ ಬಿಡಿಸಿ ಓದುವುದು ಅವರ ಕೆಲಸ, ಎಕ್ಸೆಲ್‌ಗೆ ಹಾಕುವುದು ನನ್ನ ಕೆಲಸ. ಈಗ ಮೂರನೇ ಪುಸ್ತಕದಲ್ಲಿದ್ದೇವೆ. ಮಾವ ಗ್ರೂಪಿಗೆ ವಾಪಸ್ ಬಂದಿದ್ದಾರೆ. ಫಾರ್ವರ್ಡುಗಳು ನಿಂತಿಲ್ಲ. ಆದರೆ ಮೊನ್ನೆ ಒಂದು ಹೊಸ ವಿಮಾನದ ಚಿತ್ರ ಹಾಕಿ, ಕೆಳಗೆ ತಾವೇ ಟೈಪ್ ಮಾಡಿದ್ದರು: 'ಬರುವಾಗ ಎಂತ ತರ್ತದೆ ಗೊತ್ತಿಲ್ಲ.'